ಎಕ್ಸ್‌ಪ್ಲೋ '72 ಅಥವಾ ಬ್ಯಾಟಲ್‌ಕ್ರೈ: ನಿಮ್ಮ ಪ್ರಬಂಧಕ್ಕೆ ಯಾವುದು?

ಅಮೆರಿಕದ ಇವ್ಯಾಂಜೆಲಿಕಲ್ (ಸುವಾರ್ತೆ ಸಾರುವ ಪ್ರೊಟೆಸ್ಟೆಂಟ್ ಕ್ರೈಸ್ತರ) ಯುವ ಸಮಾವೇಶಗಳಿಗೂ ಪಾಪ್ ಸಂಸ್ಕೃತಿಗೂ ಇದ್ದ ನಂಟಿನ ಬಗ್ಗೆ ಬರೆಯಬೇಕೆಂದಿದ್ದೀರಾ? ಎಕ್ಸ್‌ಪ್ಲೋ '72, ಬ್ಯಾಟಲ್‌ಕ್ರೈ ಎಂಬ ಈ ಎರಡು ಸಮಾವೇಶಗಳಲ್ಲಿ ಒಂದನ್ನು ಹಿಡಿಯಿರಿ.

1972ರ ಜೂನ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಧರ್ಮಪ್ರಚಾರ ಮಾಡುವ ಕ್ಯಾಂಪಸ್ ಕ್ರುಸೇಡ್ ಸಂಸ್ಥೆ ಡಲ್ಲಾಸ್‌ನಲ್ಲಿ ಎಕ್ಸ್‌ಪ್ಲೋ ನಡೆಸಿತು. ಸುಮಾರು 80 ಸಾವಿರ ಜನ ಬಂದರು, ಹೆಚ್ಚಿನವರು ವಿದ್ಯಾರ್ಥಿಗಳು. ಹೆಸರಾಂತ ಧರ್ಮಬೋಧಕ ಬಿಲ್ಲಿ ಗ್ರಹಾಂ ಮಾತಾಡಿದರು, ಕಂಟ್ರಿ ಗಾಯಕ ಜಾನಿ ಕ್ಯಾಶ್ ಮತ್ತು ಕ್ರೈಸ್ತ ರಾಕ್ ಗಾಯಕ ಲ್ಯಾರಿ ನಾರ್ಮನ್ ಹಾಡಿದರು. ರಾಕ್ ಎಂದರೆ ಸೈತಾನನ ಸಂಗೀತ ಎಂದು ಎಷ್ಟೋ ಪಾದ್ರಿಗಳು ಬೈಯುತ್ತಿದ್ದ ಕಾಲ ಅದು! ಇಲ್ಲಿ ಅದನ್ನೇ ಕರೆದು ವೇದಿಕೆ ಕೊಟ್ಟರು.

ಬ್ಯಾಟಲ್‌ಕ್ರೈ ಬೇರೆ ಥರ. ಇದನ್ನು ನಡೆಸಿದ, ಹದಿಹರೆಯದವರ ಕ್ರೈಸ್ತ ಸಂಸ್ಥೆ ಟೀನ್ ಮೇನಿಯಾದ ರಾನ್ ಲೂಸ್ ಪಾಪ್ ಸಂಸ್ಕೃತಿಯ ಮೇಲೆ ಯುದ್ಧವನ್ನೇ ಸಾರಿದರು. ಸಂಗೀತ ಚಾನೆಲ್ ಎಂಟಿವಿ, ಜಾಹೀರಾತು, ಸಿನಿಮಾ ಎಲ್ಲ ಶತ್ರುಗಳು. ಆದರೆ ವೇದಿಕೆ ನೋಡಿದರೆ? ರಾಕ್ ಬ್ಯಾಂಡ್, ದೊಡ್ಡ ಪರದೆ, ಝಗಮಗ ಬೆಳಕು. ಬೈದದ್ದನ್ನೇ ಬಳಸಿದ್ದು ತಮಾಷೆ, ಅಲ್ವಾ? 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು 25 ಸಾವಿರ ಮಕ್ಕಳು ಸೇರಿದಾಗ, ಅಲ್ಲಿನ ನಗರಾಡಳಿತ ಆ ಸಮಾವೇಶದ ವಿರುದ್ಧ ಖಂಡನಾ ನಿರ್ಣಯವನ್ನೇ ಮಾಡಿತು. ಟೀನ್ ಮೇನಿಯಾ 2015ರಲ್ಲಿ ಮುಚ್ಚಿತು.

ಸಂಗೀತದ ಇತಿಹಾಸ ಬೇಕಿದ್ದರೆ ಎಕ್ಸ್‌ಪ್ಲೋ. ಜಗಳ, ವಿರೋಧಾಭಾಸ ಬೇಕಿದ್ದರೆ ಬ್ಯಾಟಲ್‌ಕ್ರೈ. ನಾನಾಗಿದ್ದರೆ ಎರಡನೆಯದನ್ನೇ ಎತ್ತಿಕೊಳ್ಳುತ್ತಿದ್ದೆ.