ಸರ್ಕಾರದ ಸಬ್ಸಿಡಿ ತೋರಿಸಿ ದುಬೈ ಸ್ಟಾಲ್ ಮಾರುವವರಿದ್ದಾರೆ, ಹುಷಾರು

ಅಡಿಕೆ ಹಾಳೆ ತಟ್ಟೆ, ಜೇನು, ಗೊಂಬೆ, ಮೆಣಸಿನ ಪುಡಿ, ಉಪ್ಪಿನಕಾಯಿ ಅಂತ ಊರಲ್ಲೇ ಏನಾದರೊಂದು ತಯಾರಿಸಿ ರಫ್ತು ಮಾಡೋಣ ಎಂದು ಹೊರಟಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. "ವಿದೇಶದ ಮೇಳಕ್ಕೆ ಹೋಗೋಣ ಬನ್ನಿ, ಮುಕ್ಕಾಲು ಖರ್ಚು ಸರ್ಕಾರ ವಾಪಸ್ ಕೊಡುತ್ತೆ" ಎಂದು ಯಾರಾದರೂ ಫೋನ್ ಮಾಡಿದರೆ, ದುಡ್ಡು ಹಾಕುವ ಮುಂಚೆ ದಯವಿಟ್ಟು ಪೂರ್ತಿ ಓದಿ. ಸರ್ಕಾರದ ನೆರವು ಸುಳ್ಳಲ್ಲ, ನಿಜವಾಗಿಯೂ ಇದೆ. ಅದು ಇರುವುದರಿಂದಲೇ ಇವರ ವ್ಯಾಪಾರ ನಡೆಯುವುದು.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಘಟಕ. ನಾನು ಮತ್ತು ನಮ್ಮ ಭಾವ ಪಾಲುದಾರರು. ಅಡಿಕೆ ಹಾಳೆ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ, ದೊನ್ನೆ ಮಾಡುತ್ತೇವೆ. ಬೆಂಗಳೂರಿನ ಅಡುಗೆ ಕಂಟ್ರಾಕ್ಟರುಗಳಿಗೆ ಕೊಡುತ್ತೇವೆ, ಉಳಿದದ್ದು ಮಂಗಳೂರಿನ ಒಬ್ಬ ವ್ಯಾಪಾರಿಯ ಮೂಲಕ ಹೊರದೇಶಕ್ಕೆ ಹೋಗುತ್ತಿತ್ತು. ಅವರ ಹೆಸರಲ್ಲಿ ಹೋಗುವುದರಿಂದ ರಫ್ತಿನ ಲಾಭವೂ ಅವರದೇ. ನಾವೇ ನೇರ ಕಳಿಸೋಣ ಎಂದು ಕಳೆದ ವರ್ಷ ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ವೆಬ್‌ಸೈಟಿನಲ್ಲಿ ಐಇಸಿ, ಅಂದರೆ ಆಮದು-ರಫ್ತಿಗೆ ಬೇಕಾದ ನೋಂದಣಿ ಸಂಖ್ಯೆ, ಮಾಡಿಸಿದೆವು. ಅದಕ್ಕೆ ಸರ್ಕಾರಿ ಶುಲ್ಕ 500 ರೂಪಾಯಿ. ಮನೆಯಲ್ಲೇ ಕೂತು ಮಾಡಬಹುದು, ಪ್ಯಾನ್ ನಂಬರೇ ಐಇಸಿ ನಂಬರ್ ಆಗುತ್ತದೆ. ಇದಕ್ಕೇ ಐದು ಸಾವಿರ, ಎಂಟು ಸಾವಿರ ಕೇಳುವವರಿದ್ದಾರೆ ಅನ್ನುವುದು ಆಮೇಲೆ ಗೊತ್ತಾಯಿತು. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗಂತೂ ಶುಲ್ಕವೇ ಇಲ್ಲ, ಅದನ್ನೂ ಮಾರುತ್ತಾರೆ.

ಐಇಸಿ ಬಂದದ್ದೇ ತಡ, ಫೋನುಗಳು ಶುರು. ಹೆಚ್ಚಿನವರನ್ನು ಹಾಗೇ ಸಾಗಹಾಕಿದೆವು. ರಫ್ತು ಕನ್ಸಲ್ಟೆಂಟ್ ಎಂದು ಹೇಳಿಕೊಂಡ ಒಬ್ಬ ಮಾತ್ರ ಬೇರೆ ಥರ. ಚೆನ್ನಾಗಿ ಕನ್ನಡ ಮಾತಾಡಿದ, ಘಟಕಕ್ಕೇ ಬಂದ, ಅಚ್ಚಿನ ಮಿಷನ್ ಮುಂದೆ ನಿಂತು ವಿಡಿಯೊ ಮಾಡಿಕೊಂಡ. ಕಾರ್ಡಿನ ಮೇಲೆ ಗಂಡಭೇರುಂಡ, ಲೆಟರ್‌ಹೆಡ್ಡಿನ ಮೇಲೆ ಅಶೋಕ ಸ್ತಂಭದ ಸಿಂಹಗಳು. ಖಾಸಗಿ ಸಂಸ್ಥೆಯವರು ರಾಷ್ಟ್ರಲಾಂಛನ ಹೀಗೆ ಬಳಸುವುದಕ್ಕೆ 2005ರ ಕಾಯ್ದೆಯಲ್ಲೇ ನಿಷೇಧ ಇದೆ. ಸರ್ಕಾರದ ಕಚೇರಿಗೆ ತನ್ನ ಪರಿಚಯ ಮಾಡಿಕೊಳ್ಳಲು ವಿಸಿಟಿಂಗ್ ಕಾರ್ಡಿನಲ್ಲಿ ಸಿಂಹ ಬೇಕಾಗುವುದಿಲ್ಲ. ಸಿಂಹ ಬೇಕಾಗುವುದು ನಮ್ಮಂಥವರನ್ನು ನಂಬಿಸಲಿಕ್ಕೆ.

"ಮೇಡಂ, ನೀವು ಮಹಿಳಾ ಉದ್ಯಮಿ, ನಿಮಗೆ ಎಕ್ಸ್‌ಟ್ರಾ ಬರುತ್ತೆ. ಆಫೀಸಿನ ಓಡಾಟ ಎಲ್ಲ ನಂದು. ನೀವು ಸ್ಯಾಂಪಲ್ ತಗೊಂಡು ಫ್ಲೈಟ್ ಹತ್ತಿದ್ರೆ ಸಾಕು" ಅಂದ. ಅವನ ಪ್ಯಾಕೇಜು ದುಬೈ ಮೇಳದಲ್ಲಿ ಸ್ಟಾಲು, ಇಬ್ಬರ ಟಿಕೆಟ್ಟು, ಹೋಟೆಲ್ಲು, ಜೊತೆಗೆ "ಖರೀದಿದಾರರ ಪಟ್ಟಿ". ಎಲ್ಲ ಸೇರಿ ಹತ್ತಿರ ಹತ್ತಿರ ಆರು ಲಕ್ಷ, ಅದರಲ್ಲಿ ಶೇಕಡ 75 ಸರ್ಕಾರದಿಂದ ವಾಪಸ್. ರಾಜ್ಯದ ಕೈಗಾರಿಕಾ ನೀತಿಯ ಪುಸ್ತಕವನ್ನೇ ಟೇಬಲ್ ಮೇಲೆ ಇಟ್ಟು ಹಳದಿ ಬಣ್ಣ ಬಳಿದ ಸಾಲು ತೋರಿಸಿದ. ಅದು 2020–25ರ ನೀತಿ. ಅದರ ಜಾಗಕ್ಕೆ 2025–30ರ ಹೊಸ ನೀತಿ 2025ರ ಫೆಬ್ರವರಿಯಲ್ಲೇ ಬಂದಾಗಿತ್ತು. ನೀತಿ ಬದಲಾದಾಗ ದರ, ಮಿತಿ, ಯಾರು ಅರ್ಹರು ಎಲ್ಲವೂ ಬದಲಾಗಬಹುದು. ನೀತಿಯ ಪುಸ್ತಕ ಒಂದು, ಅದರ ಜಾರಿಗೆ ಹೊರಡಿಸುವ ಮಾರ್ಗಸೂಚಿ ಇನ್ನೊಂದು. ದುಡ್ಡು ಬರುವುದು, ಬರದಿರುವುದು ತೀರ್ಮಾನವಾಗುವುದು ಆ ಎರಡನೆಯದರಲ್ಲಿ. ಅದನ್ನು ಅವನು ತಂದಿರಲೇ ಇಲ್ಲ.

ಖರೀದಿದಾರರ ಪಟ್ಟಿಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಹಾಳೆ ತಟ್ಟೆಯವರಿಗೆ ಇದು ನೇರ ಸಂಬಂಧ. ಪಟ್ಟಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ಹೆಸರುಗಳು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಊಟಕ್ಕೆ ಬಳಸಲು ಒಪ್ಪಿಗೆ ಇಲ್ಲ, ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಹಾನಿಕರ ಅಂಶಗಳು ಆಹಾರಕ್ಕೆ ಇಳಿಯಬಹುದು ಎಂದು ಪತ್ರ ಹೊರಡಿಸಿತ್ತು. ಮಲೆನಾಡು, ಕರಾವಳಿಯಲ್ಲಿ ಈ ಕೆಲಸ ಮಾಡುವ ಎಲ್ಲರಿಗೂ ಅದು ಮನೆಮಾತು. ಅದಾಗಿ ತಿಂಗಳುಗಳ ಮೇಲೆ ಬಂದು ಅಮೆರಿಕದ ಗಿರಾಕಿ ಕೊಡಿಸುತ್ತೇನೆ ಅನ್ನುವವನಿಗೆ ನಮ್ಮ ಸರಕಿನ ಬಗ್ಗೆ ಏನು ಗೊತ್ತು? ನಾನು ಕೇಳಿದೆ. "ಅದೆಲ್ಲ ಸೆಟಲ್ ಆಗುತ್ತೆ ಮೇಡಂ, ದುಬೈ ಮೂಲಕ ಕಳಿಸೋಣ" ಅಂದ. ನಮಗೆ ಬೇಕಿದ್ದದ್ದು ಕೊಲ್ಲಿ ದೇಶಗಳ ಹೋಟೆಲ್ಲುಗಳೇ ಆದ್ದರಿಂದ, ಪಟ್ಟಿ ಬದಿಗಿರಲಿ, ಸ್ಟಾಲ್ ಸಿಕ್ಕರೆ ಸಾಕು ಎಂದು ಭಾವ ಮುಂದುವರಿದರು.

ದುಬೈಗೆ ಹೋಗಿ ನೋಡಿದರೆ ಒಂಬತ್ತು ಚದರ ಮೀಟರಿನ ಒಂದು ಗೂಡು. ಮೂರು ಕಡೆ ಬಿಳಿ ಹಲಗೆ, ಒಂದು ಟೇಬಲ್ಲು, ಎರಡು ಕುರ್ಚಿ, ಮೇಲ್ಗಡೆ ಹಸಿರು ಪಟ್ಟಿಯಲ್ಲಿ ಅವನ ಸಂಸ್ಥೆಯ ಹೆಸರು. ಅದರೊಳಗೆ ನಾವು ಐದು ಜನ ಉತ್ಪಾದಕರು. ಚನ್ನಪಟ್ಟಣದ ಗೊಂಬೆಯವರೊಬ್ಬರು, ಶಿರಸಿಯ ಜೇನಿನವರು, ಬ್ಯಾಡಗಿ ಕಡೆಯ ಮೆಣಸಿನ ಪುಡಿಯವರು, ತಿಪಟೂರಿನ ಕೊಬ್ಬರಿ ಎಣ್ಣೆಯವರು, ಮತ್ತೆ ನಾವು. ಎಲ್ಲರಿಗೂ "ನಿಮ್ಮದೇ ಸ್ಟಾಲ್" ಅಂತಲೇ ಹೇಳಿದ್ದ. ಎಲ್ಲರಿಂದಲೂ ಒಂದು ಪೂರ್ತಿ ಸ್ಟಾಲಿನ ದುಡ್ಡು ತಗೊಂಡಿದ್ದ. ಮೆಣಸಿನ ಪುಡಿಯ ಪೊಟ್ಟಣಗಳ ಪಕ್ಕ ನಮ್ಮ ತಟ್ಟೆ ಇಟ್ಟರೆ ತಟ್ಟೆಯೆಲ್ಲ ಘಾಟು. ಗೊಂಬೆಯ ಯಜಮಾನರು ಪಾಪ, ಟೇಬಲ್ಲಿನ ಒಂದು ಮೂಲೆಯಲ್ಲಿ ಬುಗುರಿಗಳನ್ನು ಸಾಲಾಗಿ ಜೋಡಿಸಿ, ಯಾರಾದರೂ ಬಂದರೆ ತಿರುಗಿಸಿ ತೋರಿಸುತ್ತಿದ್ದರು. ಕುರ್ಚಿಯಲ್ಲಿ ಕೂತಿದ್ದದ್ದು ಕನ್ಸಲ್ಟೆಂಟನ ತಂಗಿಯ ಮಗ. ಬಂದವರ ವಿಸಿಟಿಂಗ್ ಕಾರ್ಡುಗಳನ್ನೆಲ್ಲ ಅವನೇ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮೇಳದ ಅಧಿಕೃತ ಕೈಪಿಡಿಯಲ್ಲಿ ನಮ್ಮ ಯಾರ ಹೆಸರೂ ಇಲ್ಲ, ಅವನದೊಂದೇ.

ನಿಜವಾದ ಪೆಟ್ಟು ಬಿದ್ದದ್ದು ವಾಪಸ್ ಬಂದ ಮೇಲೆ. ಸಬ್ಸಿಡಿ ಅರ್ಜಿ ಎಲ್ಲಿಗೆ ಬಂತು ಎಂದರೆ "ಪ್ರೋಸೆಸ್‌ನಲ್ಲಿದೆ" ಅನ್ನುವನು, ಮಧ್ಯೆ ಒಂದು ಸಲ "ಫೈಲ್ ಚಾರ್ಜ್" ಬೇರೆ ಕೇಳಿದ. ಕಡೆಗೆ ನಾನೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಅಧಿಕಾರಿ ಸಮಾಧಾನವಾಗಿ ಕೂರಿಸಿ, ಇಂಥ ನೆರವಿಗೆ ಏನೇನು ಕಾಗದ ಕೇಳುತ್ತಾರೆ ಎಂದು ಹೇಳಿದರು. ಹೋಗುವ ಮುಂಚೆಯೇ ಅರ್ಜಿ ಹಾಕಿ ಪಡೆದ ಒಪ್ಪಿಗೆ. ಮೇಳದ ಆಯೋಜಕರು ನಮ್ಮ ಘಟಕದ ಹೆಸರಿಗೇ ಕೊಟ್ಟ ಸ್ಟಾಲ್ ಬಾಡಿಗೆಯ ಇನ್‌ವಾಯ್ಸ್. ನಮ್ಮ ಕರೆಂಟ್ ಅಕೌಂಟಿನಿಂದಲೇ ದುಡ್ಡು ಹೋದ ದಾಖಲೆ. ಪ್ರಯಾಣ ಮಾಡಿದವರು ಮಾಲೀಕರೋ ಪಾಲುದಾರರೋ ಕಾಯಂ ನೌಕರರೋ ಆಗಿರಬೇಕು, ಅದಕ್ಕೆ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟ.

ನಮ್ಮ ಹತ್ತಿರ ಇದ್ದದ್ದು ಪಾಸ್‌ಪೋರ್ಟಿನ ಮುದ್ರೆ ಒಂದೇ. ಬೋರ್ಡಿಂಗ್ ಪಾಸನ್ನು "ಸೇಫಾಗಿ ಇಡ್ತೀನಿ" ಎಂದು ವಿಮಾನ ನಿಲ್ದಾಣದಲ್ಲೇ ಆ ಹುಡುಗ ಇಸ್ಕೊಂಡಿದ್ದ. ಸ್ಟಾಲಿನ ಇನ್‌ವಾಯ್ಸ್ ಕನ್ಸಲ್ಟೆಂಟನ ಹೆಸರಲ್ಲಿ. ನಮಗೆ ಕೊಟ್ಟದ್ದು ಅವನ ಸ್ವಂತ "ಸರ್ವೀಸ್ ಬಿಲ್", ಅದರ ಮೇಲಿನ ಜಿಎಸ್‌ಟಿ ನಂಬರ್ ಪೋರ್ಟಲ್ಲಿನಲ್ಲಿ ಹಾಕಿ ನೋಡಿದರೆ ನೋಂದಣಿ ರದ್ದಾಗಿದೆ ಎಂದು ತೋರಿಸಿತು. ಅಂದರೆ ಆ ಸ್ಟಾಲಿಗೆ ನೆರವು ಸಿಗುವ ಹಾಗಿದ್ದರೂ ಅದು ಅವನಿಗೇ ಸಿಗುವಂಥದ್ದು. ಐದು ಜನರ ದುಡ್ಡಲ್ಲಿ ಒಂದು ಸ್ಟಾಲ್, ಅದರ ಕಾಗದವೆಲ್ಲ ಅವನ ಹೆಸರಲ್ಲಿ.

ಇಂಥವರು ಗೆಲ್ಲುವುದು ಇನ್ನೊಂದು ಗೊಂದಲದಿಂದ. ರಾಜ್ಯದ್ದು ಯಾವುದು, ಕೇಂದ್ರದ್ದು ಯಾವುದು ಎನ್ನುವುದನ್ನು ಬೇಕೆಂದೇ ಕಲಸುಮೇಲೋಗರ ಮಾಡುತ್ತಾರೆ. ಐಇಸಿ, ಡ್ಯೂಟಿ ಡ್ರಾಬ್ಯಾಕ್ (ಕಟ್ಟಿದ ಸುಂಕ ವಾಪಸ್), ರೋಡ್‌ಟೆಪ್ (ರಫ್ತು ಸರಕಿನ ಮೇಲೆ ಬಿದ್ದ ಇತರ ತೆರಿಗೆಗಳು ವಾಪಸ್) ಇವೆಲ್ಲ ಕೇಂದ್ರದವು. ರೋಡ್‌ಟೆಪ್ 2021ರ ಜನವರಿಯಲ್ಲಿ ಶುರುವಾದದ್ದು. ಅದಕ್ಕೆ ಪ್ರತ್ಯೇಕ ಫೈಲೂ ಇಲ್ಲ, ಏಜೆಂಟೂ ಬೇಡ, ಸರಕು ಕಳಿಸಲು ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ ಹಾಕುವಾಗಲೇ ಬೇಕೆಂದು ಘೋಷಿಸಬೇಕು. ನಿಮ್ಮ ಕಸ್ಟಮ್ಸ್ ಏಜೆಂಟ್ ಆ ಕಾಲಮ್ಮಿನಲ್ಲಿ ಏನು ತುಂಬಿದ್ದಾರೆ ಎಂದು ನೋಡಿಕೊಳ್ಳಿ. "ರೋಡ್‌ಟೆಪ್ ಸ್ಯಾಂಕ್ಷನ್ ಮಾಡಿಸಿಕೊಡ್ತೀನಿ, ಇಪ್ಪತ್ತು ಪರ್ಸೆಂಟ್ ಕೊಡಿ" ಅನ್ನುವವರು ನಿಮ್ಮ ದುಡ್ಡನ್ನೇ ನಿಮಗೆ ಮಾರುತ್ತಿದ್ದಾರೆ. ರಾಜ್ಯದ ಕಡೆಯಿಂದ ರಫ್ತಿನ ವಿಚಾರ ನೋಡುವುದು ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ, ವಿಟಿಪಿಸಿ ಅನ್ನುತ್ತಾರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಜಿಲ್ಲೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ. ಡಿಜಿಎಫ್‌ಟಿಯ ಬೆಂಗಳೂರು ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ, ಹೊಸಬರಿಗೆ ದಾರಿ ತೋರಿಸಲೆಂದೇ ಅವರದು ನಿರ್ಯಾತ್ ಬಂಧು ಎಂಬ ಯೋಜನೆ ಇದೆ. ಈ ಮೂರು ಕಡೆಯೂ ನೇರವಾಗಿ ಹೋಗಿ ಕೇಳಬಹುದು.

ಮೇಳದ ನೆರವು, ಬಂಡವಾಳ ಸಬ್ಸಿಡಿ ಇಂಥವೆಲ್ಲ ಸಾಮಾನ್ಯವಾಗಿ ಖರ್ಚು ಮಾಡಿ ದಾಖಲೆ ಕೊಟ್ಟ ಮೇಲೆ ಬರುವ ದುಡ್ಡು, ಅದೂ ಮಿತಿಯೊಳಗೆ. ಒಪ್ಪಿಗೆ ಪತ್ರದಲ್ಲಿ ನಿಮ್ಮ ಘಟಕದ ಹೆಸರಿಲ್ಲದೆ ಯಾರೂ ಶೇಕಡಾವಾರು ಗ್ಯಾರಂಟಿ ಕೊಡಲು ಬರುವುದಿಲ್ಲ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಮೇಳದಲ್ಲಿ ಜೇಬಿಗೆ ಹೋದ ಆ ಕಾರ್ಡುಗಳು, ನಮ್ಮ ವಿವರಗಳು ಎಲ್ಲೆಲ್ಲಿಗೆ ಹೋದವೋ, ಸ್ವಲ್ಪ ದಿನಕ್ಕೆ ಭಾವನಿಗೆ ಒಂದು ಮೇಲ್ ಬಂತು. ದುಬೈನ ಹೂಡಿಕೆ ನಿಧಿಯಂತೆ, ನಮ್ಮ ಘಟಕದಲ್ಲಿ ನಾಲ್ಕು ಕೋಟಿ ಹಾಕುತ್ತಾರಂತೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು ಎಂದು ಸರ್ಕಾರ ಹೇಳಿತ್ತಲ್ಲ, ಆ ಮಾತನ್ನೂ ಮೇಲ್‌ನಲ್ಲಿ ಸೇರಿಸಿದ್ದರು, ನಾವೂ ಅದರ ಭಾಗ ಅನ್ನುವ ಹಾಗೆ. ಒಪ್ಪಂದದ ಕರಡು, ಸೀಲು, ಸಹಿ ಎಲ್ಲ ಇತ್ತು. ಕೊನೆಯ ಪುಟದಲ್ಲಿ "ಆರ್‌ಬಿಐ ಅನುಮೋದನೆ ಶುಲ್ಕ" 1.8 ಲಕ್ಷ, ಕಟ್ಟಬೇಕಾದದ್ದು ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ.

ಭಾವ ಅದನ್ನು ಬ್ಯಾಂಕಿಗೆ ತಗೊಂಡು ಹೋದರು. ಮ್ಯಾನೇಜರ್ ಓದಿ ಕೇಳಿದ ಮೊದಲ ಪ್ರಶ್ನೆ, "ನಿಮ್ಮದು ಕಂಪನಿನಾ, ಪಾರ್ಟ್ನರ್‌ಶಿಪ್ಪಾ?" ನಮ್ಮಂಥ ಪಾಲುದಾರಿಕೆ ಸಂಸ್ಥೆಯಲ್ಲಿ ವಿದೇಶಿ ನಿಧಿಯೊಂದು ಹೀಗೆ ಬಂದು ದುಡ್ಡು ಹಾಕುವ ಹಾಗೇ ಇಲ್ಲ. ಕಂಪನಿಯೋ ಎಲ್‌ಎಲ್‌ಪಿಯೋ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿರಬೇಕು. ಕಂಪನಿಯೇ ಆದರೂ ತಯಾರಿಕೆಯ ಬಹುಪಾಲು ಕ್ಷೇತ್ರಗಳಲ್ಲಿ ವಿದೇಶಿ ಹೂಡಿಕೆಗೆ ಮುಂಚಿತ ಅನುಮತಿ ಬೇಕಿಲ್ಲ. ದುಡ್ಡು ಬ್ಯಾಂಕಿನ ಮೂಲಕ ಬರುತ್ತದೆ, ಷೇರು ಹಂಚಿಕೆಯಾದ 30 ದಿನದೊಳಗೆ ಕಂಪನಿ ತನ್ನ ಬ್ಯಾಂಕಿನ ಮೂಲಕವೇ ಆರ್‌ಬಿಐಗೆ ವರದಿ ಮಾಡಬೇಕು. ನಡುವೆ ಯಾರದೋ ಉಳಿತಾಯ ಖಾತೆಗೆ ಶುಲ್ಕ ಕಟ್ಟುವ ಹಂತವೇ ಇಲ್ಲ. ಆರ್‌ಬಿಐ ಹೆಸರಲ್ಲಿ ದುಡ್ಡು ಕೇಳುವವರನ್ನು ನಂಬಬೇಡಿ ಎಂದು ಆರ್‌ಬಿಐಯೇ ಎಷ್ಟೋ ಸಲ ಹೇಳಿದೆ. ನಾವು ಅಲ್ಲಿಗೇ ನಿಲ್ಲಿಸಿದೆವು. ಸ್ಟಾಲಿನಲ್ಲಿದ್ದ ಇನ್ನೊಬ್ಬರಿಗೂ ಅಕ್ಷರ ಬದಲಾಗದ ಅದೇ ಮೇಲ್ ಬಂದಿತ್ತು. ಅವರು ಮೊದಲ ಕಂತು ಕಟ್ಟಿಬಿಟ್ಟಿದ್ದರು.

ನನಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ಸಾವಿರಾರು ಕೋಟಿಯವರಿಗೆ ಕೈಹಿಡಿದು ನಡೆಸುವ ಅಧಿಕಾರಿಗಳಿರುತ್ತಾರೆ. ಹತ್ತು ಜನಕ್ಕೆ ಕೆಲಸ ಕೊಡುವ ಘಟಕದವರು ಮಾತ್ರ ಇಂಗ್ಲಿಷಿನ ಮಾರ್ಗಸೂಚಿಯನ್ನು ಪಕ್ಕದ ಮನೆಯ ಕಾಲೇಜು ಹುಡುಗನ ಹತ್ತಿರ ಓದಿಸಿಕೊಳ್ಳಬೇಕು. ಯಾವ ಮೇಳಕ್ಕೆ, ಎಷ್ಟು, ಯಾವಾಗ ಅರ್ಜಿ, ಯಾವ ಕಾಗದ ಎಂದು ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆದು ಪ್ರತಿ ತಾಲ್ಲೂಕಿನಲ್ಲಿ ಅಂಟಿಸಿದ್ದರೆ ಈ ಸಿಂಹದ ಕಾರ್ಡಿನವರಿಗೆ ಇಷ್ಟು ಗಿರಾಕಿ ಸಿಗುತ್ತಿರಲಿಲ್ಲ.

ಈಗ ಐವರೂ ಸೇರಿ ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಹೂಡಿಕೆಯ ಮೇಲ್‌ಗೆ ದುಡ್ಡು ಕಟ್ಟಿದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಸೈಬರ್ ಅಪರಾಧದಡಿ ಪ್ರತ್ಯೇಕ ದೂರು ದಾಖಲಿಸಿದ್ದಾರೆ. ಇಂಥದ್ದರಲ್ಲಿ ತಡ ಮಾಡಿದಷ್ಟೂ ದುಡ್ಡು ಕೈತಪ್ಪುತ್ತದೆ. ಠಾಣೆಯಲ್ಲಿ ಉಪಯೋಗಕ್ಕೆ ಬಂದದ್ದು ವಾಟ್ಸ್ಆ್ಯಪ್ ಸಂದೇಶಗಳು, ಬ್ಯಾಂಕ್ ಸ್ಟೇಟ್‌ಮೆಂಟು ಮತ್ತು ಗೊಂಬೆಯ ಯಜಮಾನರು ತೆಗೆದಿದ್ದ ಒಂದು ಫೋಟೊ. ಅದರಲ್ಲಿ ಸ್ಟಾಲಿನ ಹೆಸರಿನ ಪಟ್ಟಿಯೂ ಅದರ ಕೆಳಗೆ ನಾವೈದು ಜನರ ಸರಕೂ ಒಟ್ಟಿಗೇ ಕಾಣುತ್ತದೆ. ಫೋನಲ್ಲಿ ಆಡಿದ ಮಾತು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಆದ್ದರಿಂದ ಯಾರ ಜೊತೆಗೇ ಆಗಲಿ, "ಸ್ಟಾಲಿನ ಇನ್‌ವಾಯ್ಸ್ ಯಾರ ಹೆಸರಿಗೆ, ಒಪ್ಪಿಗೆ ಪತ್ರದ ನಂಬರ್ ಎಷ್ಟು" ಎಂದು ಮೆಸೇಜಿನಲ್ಲೇ ಕೇಳಿ, ಉತ್ತರವನ್ನೂ ಮೆಸೇಜಿನಲ್ಲೇ ತಗೊಳ್ಳಿ. ಆ ಆಸಾಮಿಯ ಹೊಸ ಜಾಹೀರಾತು ಮೊನ್ನೆ ಒಂದು ಗ್ರೂಪಿನಲ್ಲಿ ಬಂತು. ಈ ಸಲ ಶಾರ್ಜಾ, ಸಂಸ್ಥೆಯ ಹೆಸರು ಬೇರೆ, ಫೋನ್ ನಂಬರ್ ಮಾತ್ರ ಅದೇ. ಅದನ್ನೂ ಠಾಣೆಗೆ ಕಳಿಸಿದ್ದೇವೆ.