ಡಾಡ್ಜ್ ರಾಮ್ 1500, ಆರು ವರ್ಷದ ನಂತರ: ಗೇರ್‌ಬಾಕ್ಸ್ ಆಯಿಲ್ ನ್ಯೂಟ್ರಲ್‌ನಲ್ಲೇ ನೋಡಿ

ಟೆಕ್ಸಾಸ್‌ಗೆ ಬಂದ ಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 2001ರ ಪಿಕಪ್ ಗಾಡಿ ಇದು. 5.9 ಲೀಟರ್ ವಿ8 ಇಂಜಿನ್, 46ಆರ್‌ಇ ಅನ್ನೋ ನಾಲ್ಕು ಗೇರಿನ ಆಟೊಮ್ಯಾಟಿಕ್. ಗೆಳೆಯರ ಸೋಫಾದಿಂದ ಗಣೇಶನ ಹಬ್ಬದ ಪೆಂಡಾಲ್ ಕಂಬದವರೆಗೆ ಎಲ್ಲ ಹೊತ್ತಿದೆ. ಊರಲ್ಲಿ ಕ್ಲಚ್ ತುಳಿದೇ ಬೆಳೆದ ನನಗೆ ಈ ಗೇರ್‌ಬಾಕ್ಸ್ ಒಳಗೆ ಏನಿದೆ ಅಂತಲೇ ಗೊತ್ತಿರಲಿಲ್ಲ.

ಎರಡನೇ ವರ್ಷ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಇಂಜಿನ್ ಸುಮ್ನೆ ಕೂಗಿ, ಆಮೇಲೆ ಗೇರ್ ಹಿಡಿಯುತ್ತಿತ್ತು. ಒಬ್ಬ ಮೆಕ್ಯಾನಿಕ್ ನೋಡಿದವನೇ ಇಡೀ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬೇಕು ಅಂದ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ನೋಡಿದರೆ ಆಯಿಲ್ ಫುಲ್ ಇದೆಯಲ್ಲ!

ತಪ್ಪು ನನ್ನದೇ. ನಾನು ಪಾರ್ಕ್‌ನಲ್ಲಿ ಇಟ್ಟು ನೋಡುತ್ತಿದ್ದೆ. ಈ ಗೇರ್‌ಬಾಕ್ಸ್‌ನಲ್ಲಿ ಪಾರ್ಕ್‌ಗೆ ಹಾಕಿದಾಗ ಟಾರ್ಕ್ ಕನ್ವರ್ಟರ್‌ಗೆ (ಕ್ಲಚ್ ಬದಲು ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಆಯಿಲ್ ಹೋಗುವುದಿಲ್ಲ. ಅದೆಲ್ಲ ಕೆಳಗಿನ ಪ್ಯಾನ್‌ನಲ್ಲೇ ಉಳಿದು ಮಟ್ಟ ಜಾಸ್ತಿ ತೋರಿಸುತ್ತದೆ. ಗಾಡಿ ಓಡಿಸಿ ಆಯಿಲ್ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ತುಳಿದು ಎಲ್ಲ ಗೇರಿಗೂ ಒಮ್ಮೆ ಹಾಕಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆನ್ ಇರುವಾಗಲೇ ನೋಡಬೇಕು. ಹಾಗೆ ನೋಡಿದಾಗ ಆಯಿಲ್ ಗೀಟಿಗಿಂತ ಎಷ್ಟೋ ಕೆಳಗಿತ್ತು. ಎಟಿಎಫ್+4 ಅನ್ನೋ ಗೇರ್‌ಬಾಕ್ಸ್ ಆಯಿಲ್ ತಂದು ಸ್ವಲ್ಪ ಸ್ವಲ್ಪ ಹಾಕಿದೆ. ಜಾಸ್ತಿಯಾದರೆ ನೊರೆ ಬರುತ್ತದೆ, ಅದೂ ಕಷ್ಟವೇ. ಬಣ್ಣ ನೋಡಿ ಮಾತ್ರ ಹೆದರಬೇಡಿ. ಎಟಿಎಫ್+4ರ ಕೆಂಪು ದಿನ ಹೋದ ಹಾಗೆ ಕಂದಾಗುತ್ತದೆ, ಕೆಟ್ಟಿದೆ ಅಂತ ಅರ್ಥವಲ್ಲ.

ಮುಕ್ಕಾಲು ಸರಿಹೋಯಿತು. ಉಳಿದಿದ್ದಕ್ಕೆ ಮುಂದಿನ ಬ್ಯಾಂಡ್ ಅಡ್ಜಸ್ಟ್ ಮಾಡಿದೆ. ಬ್ಯಾಂಡ್ ಅಂದರೆ ಗೇರ್‌ಬಾಕ್ಸ್ ಒಳಗಿನ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ, ಎರಡನೇ ಗೇರ್ ಹಿಡಿಯುವುದೇ ಈ ಮುಂದಿನ ಬ್ಯಾಂಡು. ಸ್ಕ್ರೂ ಹೊರಗೇ, ಡ್ರೈವರ್ ಬದಿಯಲ್ಲಿ ಇದೆ. ಲಾಕ್‌ನಟ್ ಸಡಿಲಿಸಿ, ಸ್ಕ್ರೂವನ್ನು 72 ಇಂಚ್-ಪೌಂಡ್‌ಗೆ ಬಿಗಿ ಮಾಡಿ, ಆಮೇಲೆ ಮೂರು ಸುತ್ತಿಗೆ ಅರೆಕಾಲು ಕಮ್ಮಿ (2 7/8 ಸುತ್ತು) ಹಿಂದಕ್ಕೆ ತಿರುಗಿಸಬೇಕು. ಈ ಲೆಕ್ಕ 46ಆರ್‌ಇಗೆ ಮಾತ್ರ. 47ಆರ್‌ಇ ಅನ್ನೋ ಇನ್ನೊಂದು ಗೇರ್‌ಬಾಕ್ಸ್‌ಗೆ ಬೇರೆ. ನಟ್ ಬಿಗಿಸುವಾಗ ಸ್ಕ್ರೂ ಅಲುಗದ ಹಾಗೆ ಹಿಡಿದುಕೊಳ್ಳಿ. ಮೊದಲ ಸಲ ನನಗೆ ಅದೂ ತಿರುಗಿತು, ಮತ್ತೆ ಶುರುವಿಂದ ಮಾಡಿದೆ.

ಅವತ್ತಿಂದ ನಾಲ್ಕು ವರ್ಷ, ಎರಡನೇ ಗೇರ್ ಕಚ್ಚಿ ಹಿಡಿಯುತ್ತದೆ. ಹಿಂದಿನ ಬ್ಯಾಂಡ್ ಪ್ಯಾನ್ ಬಿಚ್ಚದೆ ಸಿಗುವುದಿಲ್ಲ. ಅದನ್ನು ಫಿಲ್ಟರ್ ಬದಲಿಸುವಾಗ ನೋಡೋಣ ಅಂತ ಬಿಟ್ಟಿದ್ದೇನೆ.