ಹಾಲ್‌ನ ಗೋಡೆ, ಹೂವಿನ ಸಾಲಿನ ಹಗ್ಗ: ಎರಡು ಪ್ರಾಜೆಕ್ಟ್, ಎರಡು ಎಕ್ಸಿಬಿಷನ್

ಜೂನಿಯರ್‌ಗಳು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ. "ಅಕ್ಕಾ, ವಾರಕ್ಕೊಂದು ಫೋಟೋ ಮಾಡ್ಕೊಂಡು ಹೋಗೋದಾ, ಒಂದೇ ವಿಷಯ ಹಿಡಿದು ಕೂರೋದಾ? ಎಕ್ಸಿಬಿಷನ್‌ಗೆ ಹಾಲ್ ಬೇಕೇ ಬೇಕಾ?" ನಾನು ಎಲ್ಲವನ್ನೂ ಮಾಡಿ ನೋಡಿದ್ದೇನೆ. ಎಲ್ಲದರಲ್ಲೂ ಒಂದೊಂದು ಪೆಟ್ಟು ತಿಂದಿದ್ದೇನೆ. ಪ್ರತಿಯೊಬ್ಬರಿಗೂ ಕ್ಯಾಂಟೀನಿನಲ್ಲಿ ಕೂತು ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಕಾಲೇಜಿನ ಎರಡನೇ ವರ್ಷ ನಮಗೆ ಇದ್ದದ್ದು ವಾರಕ್ಕೊಂದು ವಿಷಯ. ನೆರಳು, ಗೆರೆ, ಪ್ರತಿಬಿಂಬ, ಚಲನೆ, ಬಣ್ಣ, ಹೀಗೆ 12 ವಾರ. ಸೋಮವಾರ ಬೆಳಿಗ್ಗೆ ಪ್ರೊಜೆಕ್ಟರ್ ಮುಂದೆ ಎಲ್ಲರ ಮಾನ ಹರಾಜು. ಇದರಿಂದ ಕೈ ಪಳಗುತ್ತದೆ, ಸುಳ್ಳಲ್ಲ. 'ಚಲನೆ' ವಾರ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ ನಿಂತು, ಶಟರ್ 1/30 ಸೆಕೆಂಡಿಗೆ ಇಟ್ಟು, ಓಡುವ ಬಸ್ಸಿನ ಜೊತೆ ಕ್ಯಾಮೆರಾ ತಿರುಗಿಸುತ್ತಾ ಇನ್ನೂರು ಸಲ ಕ್ಲಿಕ್ ಮಾಡಿದೆ. ಪ್ಯಾನಿಂಗ್ ಅಂದರೇನು ಅಂತ ಅವತ್ತು ತಲೆಗಿಂತ ಮೊದಲು ಸೊಂಟಕ್ಕೆ ಗೊತ್ತಾಯಿತು.

'ಬಣ್ಣ'ದ ವಾರ ಮಾತ್ರ ಎಲ್ಲರೂ ಸಿಕ್ಕಿಬಿದ್ದೆವು. 22 ಜನರಲ್ಲಿ 9 ಜನ ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳ ಫೋಟೋ ತಂದಿದ್ದೆವು. ಅದೇ ಕೆಂಪು, ಅದೇ ಹಳದಿ, ಅದೇ ನೇರಳೆ. ಮೈಸೂರಿಗೆ ಬಂದ ಪ್ರತಿ ಪ್ರವಾಸಿಯ ಫೋನಿನಲ್ಲೂ ಇರುವ ಚಿತ್ರ. ಮೇಡಂ ಒಂದೇ ಮಾತು ಕೇಳಿದರು. "ಅಂಗಡಿಯಲ್ಲಿ ಕೂತಿದ್ದೋರು ಗಂಡಸಾ, ಹೆಂಗಸಾ?" ಒಂಬತ್ತು ಜನರಿಗೂ ನೆನಪಿಲ್ಲ.

ಆ ಅವಮಾನಕ್ಕೇ ಮೂರನೇ ವರ್ಷದ ಪ್ರಾಜೆಕ್ಟ್‌ಗೆ ಅದೇ ಮಾರ್ಕೆಟ್ ಆರಿಸಿಕೊಂಡೆ. ಜುಲೈಯಿಂದ ಏಪ್ರಿಲ್‌ವರೆಗೆ, ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ, ಹೂವಿನ ಸಾಲಿನಲ್ಲಿ.

ಮೊದಲ ಮೂರು ವಾರ ಯಾರೂ ಮುಖ ಕೊಡಲಿಲ್ಲ. "ಪೇಪರ್‌ನೋಳಾ? ಮಾರ್ಕೆಟ್ ಒಡೀತಾರಂತಾ?" ಅಂತ ಕೇಳುತ್ತಿದ್ದರು. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದ ಮೇಲೆ, ಕೆಡವಿ ಹೊಸದು ಕಟ್ಟಬೇಕೋ ಇದನ್ನೇ ಉಳಿಸಬೇಕೋ ಅನ್ನುವ ಜಗ್ಗಾಟ ಅಲ್ಲಿ ನಡೆದೇ ಇತ್ತು. ಕ್ಯಾಮೆರಾ ಹಿಡಿದು ಬಂದವರೆಲ್ಲ ಅವರಿಗೆ ಒಂದೋ ಪೇಪರ್‌ನವರು, ಇಲ್ಲಾ ಅಳತೆ ಮಾಡಲು ಬಂದವರು. ನಾಲ್ಕನೇ ವಾರ ಕ್ಯಾಮೆರಾ ಬ್ಯಾಗಿನಿಂದ ತೆಗೆಯಲೇ ಇಲ್ಲ. ಸುಮ್ನೆ ಹೂ ಕೊಂಡು ಬಂದೆ.

ವಾರದ ವಿಷಯಗಳು ಕಲಿಸದ ಕಷ್ಟಗಳು ಇಲ್ಲಿ ಒಂದೊಂದಾಗಿ ಬಂದವು. ತಲೆ ಮೇಲೆ ನೀಲಿ ಟಾರ್ಪಾಲು. ಅದರ ಕೆಳಗೆ ಎಲ್ಲರ ಮುಖವೂ ನೀಲಿ, ಮಲ್ಲಿಗೆಯೂ ನೀಲಿ. ಬೆಳಕು ನೋಡಿ ಕ್ಯಾಮೆರಾ ತಾನೇ ಬಣ್ಣ ಸರಿ ಮಾಡುವ ಆಟೋ ವೈಟ್ ಬ್ಯಾಲೆನ್ಸ್ ನಂಬಿ ಎರಡು ವಾರ ಹಾಳು ಮಾಡಿಕೊಂಡೆ. ಆಮೇಲೆ ಹೂವಿಗೆ ನೀರು ಚಿಮುಕಿಸುವ ಬಿಳಿ ಪ್ಲಾಸ್ಟಿಕ್ ಮಗ್ಗನ್ನು ಅದೇ ಬೆಳಕಿನಲ್ಲಿ ಹಿಡಿದು ಮೊದಲು ಒಂದು ಫೋಟೋ ತೆಗೆಯುವ ಅಭ್ಯಾಸವಾಯಿತು. ಅದನ್ನೇ ಆಧಾರ ಮಾಡಿಕೊಂಡು ಬಣ್ಣ ಸರಿ ಮಾಡುತ್ತಿದ್ದೆ. ಇನ್ನೊಂದು ಚೆಂಡುಹೂವು. ಕ್ಯಾಮೆರಾದ ಪರದೆಯಲ್ಲಿ ಎಕ್ಸ್‌ಪೋಷರ್ ಸರಿ ಇದೆ ಅನ್ನಿಸುತ್ತದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಎಸಳೇ ಇಲ್ಲ, ಕಿತ್ತಳೆ ಬಣ್ಣ ಬಳಿದಂತೆ ಇರುತ್ತದೆ. ಉಳಿದ ಬಣ್ಣಗಳಿಗಿಂತ ಮೊದಲು ಕೆಂಪು ತುಂಬಿ ಚೆಲ್ಲಿರುತ್ತದೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ನಲ್ಲಿ, ಬೆಳಕನ್ನು ಮುಕ್ಕಾಲು ಸ್ಟಾಪ್‌ನಷ್ಟು ಕಡಿಮೆ ಮಾಡಿ ತೆಗೆದ ಮೇಲೆ ಎಸಳು ವಾಪಸ್ ಬಂತು. ಲೆನ್ಸ್ ಕಥೆ ಬೇರೆ. ನನ್ನ ಹತ್ತಿರ ಇದ್ದದ್ದು 50 ಎಂಎಂ. ಆ ಇಕ್ಕಟ್ಟಿನಲ್ಲಿ ಹಿಂದೆ ಹೋಗುತ್ತಾ ಹೋಗುತ್ತಾ ಬಾಳೆಗೊನೆಗೆ ಒರಗಿ ಬೈಸಿಕೊಂಡೆ. ಮರುವಾರ ಸೀನಿಯರ್ ಒಬ್ಬರಿಂದ ನಿಂತಲ್ಲಿಂದಲೇ ಹೆಚ್ಚು ಅಗಲ ಹಿಡಿಯುವ 35 ಎಂಎಂ ಎರವಲು ತಂದೆ.

ಇನ್ನು ಕಾಲ. ಬೇರೆ ಊರಲ್ಲಿ ಆಷಾಢ ಅಂದರೆ ಮದುವೆ ಇಲ್ಲ, ಹೂವಿಗೆ ಬೆಲೆ ಇಲ್ಲ. ಮೈಸೂರಲ್ಲಿ ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟದ ಜನವೆಲ್ಲ ಈ ಸಾಲಿನ ಮೂಲಕವೇ ಹೋಗುತ್ತಾರೇನೋ ಅನ್ನಿಸುತ್ತದೆ. ಚಳಿಗಾಲದಲ್ಲಿ ಮಲ್ಲಿಗೆ ಅಪರೂಪವಾಗಿ, ಬುಟ್ಟಿಗಳಲ್ಲಿ ಕಾಕಡ ಬಂದು ಕೂರುತ್ತದೆ. ಒಂದು ವಾರ ಹೋಗಿ ಬಂದವಳಿಗೆ ಇದು ಕಾಣುವುದಾದರೂ ಹೇಗೆ?

ವಿಷಯ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಸುಮಾರು ಒಂದೂವರೆ ಅಡಿ. ಒಬ್ಬೊಬ್ಬರು ಅಳೆಯುವುದು ಒಂದೊಂದು ಥರ. ಒಬ್ಬರು ಬೆರಳು ಪೂರ್ತಿ ಚಾಚುತ್ತಾರೆ. ಒಬ್ಬರು ಗೊತ್ತಾಗದ ಹಾಗೆ ಒಂದಿಷ್ಟು ಮಡಚುತ್ತಾರೆ. ಗಿರಾಕಿ "ಅಮ್ಮಾ, ಮೊಳ ಚಿಕ್ಕದಾಯ್ತು" ಅಂದರೆ ಮೇಲೊಂದು ಗೇಣು ಬಿಟ್ಟು ಕೊಡುತ್ತಾರೆ. ನಾಲ್ಕು ಸಾವಿರ ಫ್ರೇಮ್‌ಗಳಲ್ಲಿ ಕೊನೆಗೆ ಉಳಿದ 14 ಚಿತ್ರಗಳೂ ಈ ಕೈಗಳವೇ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕ್ಯಾಮೆರಾ ಹೊಸದಾಗಿ ಕೈಗೆ ಬಂದಿದ್ದರೆ ವಾರದ ವಿಷಯ ಮಾಡಿ, ಒಂದು ಸೆಮಿಸ್ಟರ್ ಸಾಕು. ಆಮೇಲೂ ಅದನ್ನೇ ಮಾಡುತ್ತಿದ್ದರೆ ಕುಂಕುಮದ ಗುಡ್ಡೆಯೇ ಗತಿ.

ನಡುವೆ ಎರಡು ಚಿತ್ರಗಳನ್ನು ಒಂದು ಸಲಾನ್‌ಗೂ, ಅಂದರೆ ತೀರ್ಪುಗಾರರು ಬಿಡಿ ಚಿತ್ರಗಳನ್ನು ಆರಿಸುವ ಫೋಟೋ ಸ್ಪರ್ಧೆಗೂ, ಕಳಿಸಿದ್ದೆ. ಚೆಂಡುಹೂವಿನ ರಾಶಿ ಆಯ್ಕೆಯಾಯಿತು, ಮೊಳ ಆಗಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಸಲಾನ್‌ನಲ್ಲಿ ಒಂದು ಚಿತ್ರ ಒಂಟಿಯಾಗಿ ನಿಂತು, ಕೆಲವೇ ಸೆಕೆಂಡಿನಲ್ಲಿ ಗೆಲ್ಲಬೇಕು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಚಿತ್ರಗಳಿಗೆ ಆ ಶಕ್ತಿ ಇತ್ತು. ನನ್ನ ಕೈಗಳಿಗೆ ಅಕ್ಕಪಕ್ಕ ಇನ್ನೊಂದು ಕೈ ಬೇಕು. ಅಲ್ಲಿಗೆ ಆ ದಾರಿ ಬಿಟ್ಟೆ.

ಈಗ ಎಕ್ಸಿಬಿಷನ್. ಮಾರ್ಚ್‌ನಲ್ಲಿ ಮೂವರು ಸೇರಿ ಮೂರು ದಿನಕ್ಕೆ ಒಂದು ಹಾಲ್ ಹಿಡಿದೆವು. ಬಾಡಿಗೆ, ಪ್ರಿಂಟ್, ಅದನ್ನು ಅಂಟಿಸುವ ಸನ್‌ಬೋರ್ಡ್ ಎಲ್ಲ ಸೇರಿ ನನ್ನ ಪಾಲು ಏಳು ಸಾವಿರ ದಾಟಿತು. ಅಪ್ಪ ಏನೂ ಅನ್ನಲಿಲ್ಲ, ಅದೇ ಕಷ್ಟ.

ಮೊದಲ ಪೆಟ್ಟು ಪ್ರಿಂಟ್‌ನಲ್ಲಿ. ಕಾಸು ಉಳಿಸಲು 8x10 ಅಳತೆಯಲ್ಲಿ ಸ್ಯಾಂಪಲ್ ಹಾಕಿಸಿದೆ. ನನ್ನ ಕ್ಯಾಮೆರಾದ ಚಿತ್ರ 8x12ಕ್ಕೆ ಹೊಂದುವ ಆಕಾರದ್ದು. ಲ್ಯಾಬ್‌ನವರು ಕೇಳದೆ ಎರಡು ಇಂಚು ಕತ್ತರಿಸಿದರು, ನಾನೂ ಹೇಳಿರಲಿಲ್ಲ. ಹೋದದ್ದು ಸರಿಯಾಗಿ ಬೆರಳ ತುದಿ. ಮೊಳದ ಫೋಟೋದಲ್ಲಿ ಬೆರಳೇ ಇಲ್ಲ! ಜೊತೆಗೆ ಎಲ್ಲ ಚಿತ್ರಗಳೂ ಕಪ್ಪಗೆ ಬಂದಿದ್ದವು. ಲ್ಯಾಪ್‌ಟಾಪ್ ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದ್ದರ ಫಲ.

ಆಮೇಲೆ 12x18 ಮಾಡಿಸಿದೆ, ಮ್ಯಾಟ್ ಪೇಪರ್‌ನಲ್ಲಿ. ಪಕ್ಕದ ಗೆಳೆಯ ಹೊಳೆಯುವ ಗ್ಲಾಸಿ ಹಾಕಿಸಿದ್ದ. ಅವನ ಚಿತ್ರಗಳಲ್ಲಿ ಎಲ್ಲರಿಗೂ ಕಂಡದ್ದು ಎಲ್ಇಡಿ ಬಲ್ಬುಗಳು. ಈ ಅಳತೆಯಲ್ಲಿ ನಾನು ಯೋಚಿಸದೆ ಇದ್ದ ಒಂದು ಸಂಗತಿ ನಡೆಯಿತು. 18 ಇಂಚು ಅಂದರೆ ಸರಿಯಾಗಿ ಒಂದು ಮೊಳ. ಹತ್ತಿರದಿಂದ ತೆಗೆದ ಒಂದು ಚಿತ್ರದಲ್ಲಿ ಕೈ ಈ ತುದಿಯಿಂದ ಆ ತುದಿಗೆ ಇತ್ತು. ಗೋಡೆಯ ಮೇಲೆ ಅದು ನಿಜವಾದ ಕೈಯಷ್ಟೇ ಆಯಿತು. ಯಾರೋ ಹುಡುಗ ಬಂದು ತನ್ನ ಕೈ ಅದಕ್ಕೆ ಒತ್ತಿ ಅಳೆದ. ಆಮೇಲೆ ಬಂದವರೆಲ್ಲ ಅದನ್ನೇ ಮಾಡಿದರು. ಚಿತ್ರದ ಅಳತೆಯೂ ಚಿತ್ರದ ಮಾತೇ ಅಂತ ಹಾಲ್ ನನಗೆ ಕಲಿಸಿತು.

ಅದರ ಪಕ್ಕದಲ್ಲೇ ಇನ್ನೊಬ್ಬರ ಕೈಯ ಚಿತ್ರ ತೂಗುಹಾಕಿದ್ದೆ. ಒಂದು ಉದ್ದ, ಒಂದು ಗಿಡ್ಡ. ಎಲ್ಲರೂ ಹೊಗಳಿದ ಜೋಡಿ ಅದು. "ಎಷ್ಟು ಚೆನ್ನಾಗಿ ಹೇಳಿದ್ದೀರಿ" ಅಂತ ಒಬ್ಬ ಹಿರಿಯರು ಕೈ ಕುಲುಕಿದರು. ಉಳಿದಂತೆ ವಿಸಿಟರ್ಸ್ ಪುಸ್ತಕದ ತುಂಬ "ಚೆನ್ನಾಗಿದೆ, ಮುಂದುವರಿಸಿ". ಅರ್ಧ ನೆಂಟರು, ಅರ್ಧ ಕ್ಲಾಸ್‌ಮೇಟ್‌ಗಳು.

ಏಪ್ರಿಲ್‌ನ ಒಂದು ಶನಿವಾರ, ಸಾಲಿನ ಅಂಗಡಿಯವರನ್ನು ಕೇಳಿಕೊಂಡು, ಅವೇ 14 ಚಿತ್ರಗಳನ್ನು 8x12ರಲ್ಲಿ ಮಾಡಿಸಿ, ನೈಲಾನ್ ಹಗ್ಗಕ್ಕೆ ಬಟ್ಟೆ ಕ್ಲಿಪ್ ಹಾಕಿ ಮಾರ್ಕೆಟ್‌ನಲ್ಲೇ ಕಟ್ಟಿದೆ. ಖರ್ಚು ಸಾವಿರದ ಒಳಗೆ. ಬೆಳಕು ಕೆಟ್ಟದ್ದು. ಹೂವಿಗೆ ಚಿಮುಕಿಸಿದ ನೀರು ಹಾರಿ ಎರಡು ಪ್ರಿಂಟ್ ಹಪ್ಪಳದ ಥರ ಸುರುಳಿಯಾದವು. ಲ್ಯಾಮಿನೇಷನ್ ಮಾಡಿಸಬೇಕಿತ್ತು.

ಹತ್ತು ನಿಮಿಷ ಆಗಿರಲಿಲ್ಲ, ಗಲಾಟೆ. ಗಿಡ್ಡ ಕೈಯ ಚಿತ್ರದಲ್ಲಿದ್ದ ಹೂವಿನ ಅಮ್ಮನನ್ನು ಗಿರಾಕಿಗಳು ರೇಗಿಸಲು ಶುರುಮಾಡಿದ್ದರು. "ನೋಡಮ್ಮಾ, ಫೋಟೋದಲ್ಲೇ ಬಂದಿದೆ ನಿನ್ ಮೊಳ!" ಅವರು ಸೀದಾ ನನ್ನ ಹತ್ತಿರ ಬಂದರು. "ಏನವ್ವಾ, ನನ್ ಮೊಳ ಚಿಕ್ಕದಾ? ಬಾ ಇಲ್ಲಿ." ಒಂದು ಮಾಲೆ ತೆಗೆದು ತಮ್ಮ ಕೈಗೆ ಹಿಡಿದರು. ಅದನ್ನೇ, ಉದ್ದ ಕೈಯ ಚಿತ್ರದಲ್ಲಿದ್ದ ಪಕ್ಕದ ಅಜ್ಜಿಯ ಕೈಗೂ ಹಿಡಿದರು. ಎರಡೂ ಒಂದೇ. ನಿಜ ಹೇಳಬೇಕೆಂದರೆ ಇವರದ್ದೇ ಅರ್ಧ ಬೆರಳು ಜಾಸ್ತಿ.

ಆಗ ನೆನಪಾಯಿತು. ಅಜ್ಜಿಯ ಫೋಟೋ ತೆಗೆದದ್ದು ಎರಡೂವರೆ ಅಡಿ ದೂರದಿಂದ. ಇವರದ್ದು, ಮಧ್ಯೆ ಬುಟ್ಟಿ ಇತ್ತು ಅಂತ, ಮೂರೂವರೆ ಅಡಿಯಿಂದ. ಲೆನ್ಸ್ ಒಂದೇ, ದೂರ ಬೇರೆ. ಗಿಡ್ಡ ಮಾಡಿದ್ದು ಅವರ ಕೈಯಲ್ಲ, ನಾನು. ಹಾಲ್‌ನಲ್ಲಿ ಮೂರು ದಿನ ಇದು ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ, ನಮ್ಮ ಮೇಷ್ಟ್ರಿಗೂ ಕಾಣಲಿಲ್ಲ. ದಿನಕ್ಕೆ ನೂರಾರು ಮೊಳ ಅಳೆಯುವವರಿಗೆ ಕಂಡಿತು.

ಚಿತ್ರ ಇಳಿಸಿದೆ. ಕ್ಷಮೆ ಕೇಳಿದೆ. ಎರಡು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ.

ಖರ್ಚು ನೋಡಿದರೆ ಹಗ್ಗ ಗೆಲ್ಲುತ್ತದೆ; ಬೆಳಕು, ಪ್ರಿಂಟ್‌ನ ಅಂದ ನೋಡಿದರೆ ಹಾಲ್. ಪ್ರಿಂಟ್ ಮಾಡಿಸುವುದು, ಸಾಲು ಜೋಡಿಸುವುದು ಕಲಿಯಲು ಹಾಲ್‌ನಲ್ಲಿ ಒಂದು ಸಲವಾದರೂ ಮಾಡಲೇಬೇಕು. ಆದರೆ ನಾನು ಕ್ರಮ ತಪ್ಪಿದೆ. ಮೊದಲು ಹಗ್ಗ, ಆಮೇಲೆ ಗೋಡೆ ಆಗಬೇಕಿತ್ತು. ಫೋಟೋ ತೆಗೆದ ಜಾಗದಲ್ಲಿ 4x6 ಪ್ರಿಂಟ್‌ಗಳನ್ನು ಹಾಗೇ ಕೈಯಲ್ಲಿ ಹಿಡಿದು ತೋರಿಸಿದ್ದರೂ ಸಾಕಿತ್ತು. ಅದಕ್ಕೆ ಇನ್ನೂರು ರೂಪಾಯಿಯೂ ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಹಾಗೇ ಮಾಡಿದೆ. ನಾನು ತಳ್ಳಿಹಾಕಿದ್ದವೂ ಸೇರಿ 30 ಚಿಕ್ಕ ಪ್ರಿಂಟ್ ತೆಗೆದುಕೊಂಡು ಹೋಗಿ ಆ ಅಮ್ಮನ ಮುಂದೆ ಹರಡಿದೆ. ಅವರು ಇಸ್ಪೀಟಿನ ಎಲೆ ಥರ ಒಂದೊಂದೇ ಸರಿಸುತ್ತಾ ಹೋದರು. ಕೈಯ ಚಿತ್ರಗಳನ್ನು ನೋಡಲೇ ಇಲ್ಲ. ಕೊನೆಗೆ ಒಂದನ್ನು ಎತ್ತಿಕೊಂಡರು. ಚಿಲ್ಲರೆ ಎಣಿಸುತ್ತಾ ಯಾರದೋ ಮಾತಿಗೆ ನಗುತ್ತಿರುವುದು, ಫೋಕಸ್ ತಪ್ಪಿ ಮುಖ ಸ್ವಲ್ಪ ಮಸುಕು. "ಇದು ನಾನು ಕಣವ್ವ" ಅಂದರು. ಮುಂದಿನ ಸಲದ ಹಾಲ್‌ಗೆ ಗಿಡ್ಡ ಕೈಯ ಜಾಗದಲ್ಲಿ ಅದನ್ನೇ ಹಾಕುತ್ತಿದ್ದೇನೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.